ನಡುದಾರಿಯಲ್ಲಿ ನಿಂತ ರೊಕ್ಕ

2021ರ ಜುಲೈ 1ರಂದು ಸಿಂಡಿಕೇಟ್ ಬ್ಯಾಂಕಿನ ಐಎಫ್‌ಎಸ್‌ಸಿ ಕೋಡುಗಳೆಲ್ಲ ಒಮ್ಮೆಗೇ ಸತ್ತವು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಆ ಬ್ಯಾಂಕು ಅದಕ್ಕೂ ಹದಿನೈದು ತಿಂಗಳ ಮೊದಲೇ, 2020ರ ಏಪ್ರಿಲ್ 1ರಂದು, ಕೆನರಾ ಬ್ಯಾಂಕಿನಲ್ಲಿ ಲೀನವಾಗಿತ್ತು. ಹಳೆಯ ಕೋಡುಗಳಿಗೆ ಮಾತ್ರ ಅಲ್ಲಿಯವರೆಗೆ ಜೀವ ಉಳಿಸಿದ್ದರು. ಹೊಸ ಕೋಡು ಕಂಡುಹಿಡಿಯುವುದು ದೊಡ್ಡ ಕೆಲಸವೇನಲ್ಲ. ಮೊದಲ ನಾಲ್ಕು ಅಕ್ಷರ ಕೆನರಾದ್ದು ಹಾಕಿ, ಶಾಖೆಯ ಸಂಖ್ಯೆಗೆ ಹತ್ತು ಸಾವಿರ ಕೂಡಿಸಿದರೆ ಆಯಿತು. ಆದರೆ ಪುಣೆಯಲ್ಲೋ ಗೋವಾದಲ್ಲೋ ದುಡಿಯುವ ಹುಡುಗನ ಮೊಬೈಲಿನಲ್ಲಿ ತಂಗಡಗಿಯ ಅವ್ವನ ಖಾತೆ ಎಂದೋ ಹಳೆಯ ಕೋಡಿನೊಂದಿಗೇ ಉಳಿದಿರುತ್ತದೆ. ಅವನು ಒತ್ತುತ್ತಾನೆ. "ಇಲ್ಲಿ ಕಟ್ ಆಗೇತಿ ಅವ್ವಾ" ಅನ್ನುತ್ತಾನೆ. "ನನಗ ಇನ್ನಾ ಬಂದಿಲ್ಲೋ ಯಪ್ಪಾ" ಅನ್ನುತ್ತಾಳೆ ಅವಳು. ಇಂಥ ಹೊತ್ತಿನಲ್ಲಿ ರೊಕ್ಕ ಎಲ್ಲಿರುತ್ತದೆ?

ರೊಕ್ಕ ಎಲ್ಲಿಗೂ ಹೋಗಿರುವುದಿಲ್ಲ. ಹೋಗಿರುವುದು ಒಂದು ಸಂದೇಶ. ಇಷ್ಟು ಮೊತ್ತವನ್ನು ಈ ಖಾತೆಗೆ ಜಮಾ ಮಾಡಿ ಎಂಬ, ಕಟ್ಟುನಿಟ್ಟಾದ ಅಚ್ಚಿನಲ್ಲಿ ಬರೆದ ಒಂದು ತುಂಡು ಬರಹ. 2005ರಲ್ಲಿ ಶುರುವಾದ ನೆಫ್ಟ್ ಎಂಬ ಹಣ ವರ್ಗಾವಣೆ ವ್ಯವಸ್ಥೆ ಇಂಥ ಸಂದೇಶಗಳನ್ನು ಅರ್ಧ ಗಂಟೆಗೊಂದು ಕಂತಿನಂತೆ ಹೊಂದಿಸುತ್ತದೆ. 2019ರ ಡಿಸೆಂಬರ್ 16ರಿಂದ ಹಗಲು ರಾತ್ರಿ ಎನ್ನದೆ ದಿನಕ್ಕೆ 48 ಕಂತು. ಇದರ ಕೆಳಗಿರುವ ಸಂದೇಶ ಜಾಲ ಎಸ್‌ಎಫ್‌ಎಂಎಸ್. ಹೈದರಾಬಾದಿನ ಐಡಿಆರ್‌ಬಿಟಿ ಎಂಬ ಬ್ಯಾಂಕಿಂಗ್ ತಂತ್ರಜ್ಞಾನ ಸಂಸ್ಥೆ 2001ರಲ್ಲಿ ಅದನ್ನು ತಂದಿತು. ಬಂದದ್ದನ್ನು ಮೊದಲು ತನ್ನಲ್ಲಿ ಇಟ್ಟುಕೊಂಡು, ಆಮೇಲೆ ಮುಂದಕ್ಕೆ ದಾಟಿಸುವುದು ಅದರ ರೀತಿ. ಕಳಿಸುವವನೂ ಪಡೆಯುವವನೂ ಒಂದೇ ಗಳಿಗೆಯಲ್ಲಿ ಎಚ್ಚರವಾಗಿರಬೇಕಿಲ್ಲ. ಇಂಥ ಏರ್ಪಾಟಿಗೆ ಕಂಪ್ಯೂಟರಿನವರು ಮೆಸೇಜ್ ಕ್ಯೂ ಅನ್ನುತ್ತಾರೆ. ನಾವು ಸಂದೇಶ ಸರತಿ ಎನ್ನೋಣ.

ಹೀಗೆ ಕಾಲ ತಪ್ಪಿ ತಲುಪುವ ಮಾತಿನ ಕತೆ ತಂಗಡಗಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೂಡಲಸಂಗಮದಲ್ಲಿದ್ದ ಬಸವಣ್ಣನವರು ಪತ್ನಿ ನೀಲಮ್ಮನವರನ್ನು ಕರೆತರಲು ಹಡಪದ ಅಪ್ಪಣ್ಣನವರನ್ನು ಕಲ್ಯಾಣಕ್ಕೆ ಕಳಿಸಿದರು, ಅವರಿಬ್ಬರು ಕೃಷ್ಣೆಯ ದಂಡೆಯ ಈ ಊರಿಗೆ ಬರುವ ಹೊತ್ತಿಗೆ ಬಸವಣ್ಣನವರು ಐಕ್ಯರಾಗಿದ್ದರು ಎಂಬುದು ಇಲ್ಲಿನ ನಂಬಿಕೆ. ಹೇಳಿ ಕಳಿಸಿದವರು ಇಲ್ಲದಾದ ಮೇಲೂ ಹೇಳಿದ ಮಾತು ನಡೆದುಕೊಂಡು ಬಂತು. ಅದನ್ನು ಹೊತ್ತವರಿಗೆ ಯಾರಿಂದ, ಯಾರಿಗೆ, ಏತಕ್ಕೆ ಎಂಬುದು ಮನಸ್ಸಿನಲ್ಲೇ ಇತ್ತು. ಯಂತ್ರಕ್ಕೆ ಮನಸ್ಸಿಲ್ಲ. ಹಾಗಾಗಿ ಈ ಮೂರನ್ನೂ, ಇನ್ನೂ ಹತ್ತೆಂಟನ್ನೂ, ಸಂದೇಶದ ತಲೆಯ ಮೇಲೆ ಬರೆದೇ ಕಳಿಸಬೇಕು. ಆ ಬರಹವೇ ಹೆಡರ್.

ಬ್ಯಾಂಕುಗಳಲ್ಲಿ ಬೇರು ಬಿಟ್ಟಿರುವ ಸರತಿ ತಂತ್ರಾಂಶವೆಂದರೆ ಐಬಿಎಂ ಎಂಕ್ಯೂ. 1993ರಲ್ಲಿ ಎಂಕ್ಯೂಸೀರೀಸ್ ಎಂಬ ಹೆಸರಿನಲ್ಲಿ ಹೊರಬಂತು, ಇಂಗ್ಲೆಂಡಿನ ಹರ್ಸ್ಲಿಯ ಪ್ರಯೋಗಾಲಯದ ಕೂಸು. ಅದರಲ್ಲಿ ಪ್ರತಿ ಸಂದೇಶಕ್ಕೂ ಎಂಕ್ಯೂಎಂಡಿ ಎಂಬ ಹೆಡರ್ ಕಡ್ಡಾಯ. ಅದರ ಮೊದಲ ನಾಲ್ಕು ಸ್ಥಾನಗಳಲ್ಲಿ ಇಂಗ್ಲಿಷಿನ ಎಂ, ಡಿ, ಆಮೇಲೆ ಎರಡು ಖಾಲಿ ಜಾಗ ಇರಲೇಬೇಕು. ಖಾಲಿ ಜಾಗ ಬಿಟ್ಟುಹೋದರೂ ತಪ್ಪೇ. ಅದರ ನಂತರ ಆವೃತ್ತಿ ಸಂಖ್ಯೆ, 1 ಅಥವಾ 2. ಸಂದೇಶಕ್ಕೆ 24 ಬೈಟಿನ ಗುರುತು, ಉತ್ತರವನ್ನು ಪ್ರಶ್ನೆಗೆ ಜೋಡಿಸಲು ಇನ್ನೊಂದು 24 ಬೈಟಿನ ಗುರುತು, ಉತ್ತರ ಯಾವ ಸರತಿಗೆ ಬರಬೇಕು ಎಂಬ ಹೆಸರು, 0ಯಿಂದ 9ರವರೆಗಿನ ಆದ್ಯತೆ, ಎಷ್ಟು ಹೊತ್ತು ಜೀವಂತ ಎಂಬ ಅವಧಿ. ಒಟ್ಟು ಮೊದಲ ಆವೃತ್ತಿಯಲ್ಲಿ 324 ಬೈಟು, ಎರಡನೆಯದರಲ್ಲಿ 364. ತಲೆ ಸರಿಯಿಲ್ಲದ ಸಂದೇಶವನ್ನು ಎಂಕ್ಯೂ ಬಾಗಿಲಲ್ಲೇ 2026 ಎಂಬ ಸಂಖ್ಯೆ ಕೊಟ್ಟು ಹಿಂದಕ್ಕೆ ಕಳಿಸುತ್ತದೆ. ಯಾವ ಸಂಖ್ಯೆಗೆ ಯಾವ ತಪ್ಪು ಎಂಬುದರ ಪಟ್ಟಿಯೂ ಇದೆ. ಇದನ್ನು ನಾನು ಬಹಳ ಮೆಚ್ಚುತ್ತೇನೆ. ಬೇಡ ಅನ್ನುವವರು ಯಾಕೆ ಬೇಡ ಎಂದೂ ಹೇಳಬೇಕು.

ತಲೆ ಒಂದೇ ಅಲ್ಲ, ತಲೆಯ ಮೇಲೆ ತಲೆ ಇರುವುದುಂಟು. ಎಂಕ್ಯೂಎಂಡಿಯ ಬೆನ್ನಿಗೆ ಆರ್‌ಎಫ್‌ಎಚ್2 ಎಂಬ ಇನ್ನೊಂದು ಹೆಡರ್ ಬರಬಹುದು. ಮುಂದೆ ಬರುವುದು ಯಾವ ಬಗೆಯದು ಎಂದು ಹಿಂದಿನದು ತನ್ನ ಒಂದು ಅಂಕಣದಲ್ಲಿ ಹೇಳಿರುತ್ತದೆ. ಹಿಂದಿನದು ಒಂದು ಹೇಳಿ ಮುಂದೆ ಬೇರೊಂದು ಬಂದರೆ ಓದುವ ಪ್ರೋಗ್ರಾಮು ಮೊತ್ತವನ್ನು ಹೆಸರೆಂದೂ ಹೆಸರನ್ನು ಮೊತ್ತವೆಂದೂ ಓದಬಲ್ಲದು. ಆರ್‌ಎಫ್‌ಎಚ್2 ತನ್ನ ಉದ್ದವನ್ನೂ ತಾನೇ ಬರೆದುಕೊಂಡಿರುತ್ತದೆ. ಅದರ ಸ್ಥಿರ ಭಾಗವೇ 36 ಬೈಟು, ಅದಕ್ಕಿಂತ ಕಡಿಮೆ ಉದ್ದ ಬರೆದಿದ್ದರೆ ಸುಳ್ಳು. ಸಂದೇಶಕ್ಕಿಂತ ಹೆಚ್ಚು ಉದ್ದ ಬರೆದಿದ್ದರೆ ಇನ್ನೂ ಅಪಾಯ, ಓದುವವನು ಕೊನೆ ದಾಟಿ ಯಾರದೋ ನೆನಪಿನೊಳಗೆ ಕೈಹಾಕುತ್ತಾನೆ.

ಇಂಥ ಸುಳ್ಳು ಯಾರೂ ಬೇಕೆಂದು ಹೇಳಬೇಕಿಲ್ಲ. ಕೆಲವು ಕಂಪ್ಯೂಟರುಗಳು ಸಂಖ್ಯೆಯ ದೊಡ್ಡ ತುದಿಯನ್ನು ಮೊದಲು ಬರೆಯುತ್ತವೆ, ಕೆಲವು ಸಣ್ಣ ತುದಿಯನ್ನು. ಬ್ಯಾಂಕಿನ ಹಳೆಯ ಮೇನ್‌ಫ್ರೇಮಿನದು ಒಂದು ರೂಢಿ, ಮೇಜಿನ ಮೇಲಿನ ಕಂಪ್ಯೂಟರಿನದು ಇನ್ನೊಂದು. ಒಬ್ಬರು ಬರೆದ 36 ಅನ್ನು ಇನ್ನೊಬ್ಬರ ರೂಢಿಯಲ್ಲಿ ಓದಿದರೆ 60,39,79,776 ಆಗುತ್ತದೆ. ಯಾವ ರೂಢಿಯಲ್ಲಿ ಬರೆದಿದೆ ಎಂದು ಹೇಳುವ ಅಂಕಣ ಹೆಡರಿನಲ್ಲೇ ಇದೆ. ಅದನ್ನು ತುಂಬಲು ಮರೆತವರಿಂದಲೇ ಅರ್ಧ ರಗಳೆ.

ಇನ್ನೊಂದು ತೊಡಕು ನಮ್ಮ ಮನೆಯದೇ. ಹೆಡರಿನಲ್ಲಿ ಊರಿನ ಹೆಸರನ್ನು ಕನ್ನಡದಲ್ಲಿ ಬರೆಯುತ್ತೇವೆ ಅನ್ನೋಣ. 'ತಂಗಡಗಿ' ಬಾಯಲ್ಲಿ ನಾಲ್ಕು ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಆರು, ಯಾಕೆಂದರೆ ಸೊನ್ನೆಯೂ ಗುಡಿಸೂ ಬೇರೆ ಬೇರೆ ಸಂಕೇತಗಳು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು, ಒಟ್ಟು 18. ಆರ್‌ಎಫ್‌ಎಚ್2ರಲ್ಲಿ ಇಂಥ ಮಾಹಿತಿಯ ಉದ್ದ ನಾಲ್ಕರ ಗುಣಕವಾಗಿರಬೇಕೆಂಬ ನೇಮವಿದೆ. ಊರಿನ ಹೆಸರಷ್ಟೇ ಇದ್ದರೆ ಇನ್ನೆರಡು ಖಾಲಿ ಜಾಗ ಸೇರಿಸಿ 20 ಮಾಡಬೇಕು. ಇಂಗ್ಲಿಷ್ ಅಕ್ಷರಗಳಲ್ಲೇ ಪರೀಕ್ಷೆ ಮುಗಿಸಿದ ಎಂಜಿನಿಯರನಿಗೆ ಒಂದು ಅಕ್ಷರವೆಂದರೆ ಒಂದು ಬೈಟು. ಅವನು ಉದ್ದದ ಜಾಗದಲ್ಲಿ 6 ಎಂದು ಬರೆದಿರುತ್ತಾನೆ. ಓದುವ ಕಡೆ ಆರು ಬೈಟಿಗೆ ಕತ್ತರಿ ಬಿದ್ದು 'ತಂ' ಮಾತ್ರ ಉಳಿಯುತ್ತದೆ, ಮಿಕ್ಕ ಹನ್ನೆರಡು ಬೈಟು ಮುಂದಿನ ಅಂಕಣದೊಳಗೆ ನುಗ್ಗುತ್ತದೆ. ಕನ್ನಡ ಹಾಕಿದರೆ ಸಾಫ್ಟ್‌ವೇರ್ ಕೆಡುತ್ತದೆ ಎಂಬ ಮಾತು ಕಚೇರಿಗಳಲ್ಲಿ ಕೇಳಿಬರುವುದುಂಟು. ಕೆಡಿಸಿದ್ದು ಕನ್ನಡವಲ್ಲ, ಎಣಿಕೆ.

ಅಡತಿ ಅಂಗಡಿಗಳ ಫಲಕಗಳಲ್ಲಿ '& ಸನ್ಸ್', '& ಬ್ರದರ್ಸ್' ಎಂದು ಬರೆಯುವ ಆ ಚಿಹ್ನೆಯೂ ಹೀಗೇ ಕಾಡುತ್ತದೆ. ಆರ್‌ಎಫ್‌ಎಚ್2ರ ಒಳಗಿನ ಮಾಹಿತಿ ಎಕ್ಸ್‌ಎಂಎಲ್ ರೀತಿಯಲ್ಲಿರುತ್ತದೆ. ದೊಡ್ಡ ಮೊತ್ತಗಳನ್ನು ಕಳಿಸಲು 2013ರ ಅಕ್ಟೋಬರಿನಲ್ಲಿ ಬಂದ ಹೊಸ ಆರ್‌ಟಿಜಿಎಸ್ ಕೂಡ ಐಎಸ್‌ಒ 20022 ಎಂಬ ಎಕ್ಸ್‌ಎಂಎಲ್ ಅಚ್ಚನ್ನೇ ಹಿಡಿಯಿತು. ಎಕ್ಸ್‌ಎಂಎಲ್‌ನಲ್ಲಿ ಆ ಚಿಹ್ನೆಗೆ ಬೇರೆಯೇ ಕೆಲಸವಿದೆ, ಮುಂದೆ ಒಂದು ವಿಶೇಷ ಸಂಕೇತ ಬರುತ್ತಿದೆ ಎಂದು ಅದು ಸಾರುತ್ತದೆ. ಅದನ್ನು ಬಿಡಿಸಿ ಬರೆಯದೆ ಹಾಗೇ ಹಾಕಿದರೆ ಇಡೀ ಸಂದೇಶ ಅಸಿಂಧು. ವ್ಯಾಪಾರಿಯ ತಪ್ಪೇನೂ ಇಲ್ಲ. ಅವನ ಅಂಗಡಿಯ ಹೆಸರೇ ಹಾಗಿದೆ.

ಇಷ್ಟೆಲ್ಲ ಆಕಾರದ ತಪಾಸಣೆ. ಐಎಫ್‌ಎಸ್‌ಸಿಗೆ ಬಂದರೆ ಅದು ಇನ್ನೂ ಸುಲಭ. ಹನ್ನೊಂದು ಸ್ಥಾನ, ಮೊದಲ ನಾಲ್ಕು ಬ್ಯಾಂಕಿನ ಅಕ್ಷರ, ಐದನೆಯದು ಸೊನ್ನೆ, ಕೊನೆಯ ಆರು ಶಾಖೆ. ಐದನೆಯ ಜಾಗದಲ್ಲಿ ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ ಒತ್ತಿದವರನ್ನು ಯಂತ್ರ ಕ್ಷಣದಲ್ಲಿ ಹಿಡಿಯುತ್ತದೆ. ಶಾಖೆಯ ಒಂದು ಅಂಕಿ ತಪ್ಪಿದರೆ ಹಿಡಿಯಲಾರದು. ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿ ಮೊದಲ ಹನ್ನೊಂದರಿಂದ ಲೆಕ್ಕ ಹಾಕಿ ತೆಗೆದದ್ದು, ಒಂದಂಕಿ ತಪ್ಪಾದರೆ ತಾನೇ ಕೂಗುತ್ತದೆ. ಐಎಫ್‌ಎಸ್‌ಸಿಯಲ್ಲಿ ಅಂಥ ಕಾವಲು ಅಂಕಿ ಇಲ್ಲ.

ಸಿಂಡಿಕೇಟಿನ ಹಳೆಯ ಕೋಡು ಸಿಕ್ಕಿಬಿದ್ದದ್ದು ಇಲ್ಲಿಯೇ. ಅದರ ಆಕಾರದಲ್ಲಿ ಒಂದು ಕೊರೆಯೂ ಇರಲಿಲ್ಲ. ಹನ್ನೊಂದು ಸ್ಥಾನವೂ ಸರಿ, ಸೊನ್ನೆಯೂ ಸರಿ, ಬ್ಯಾಂಕೇ ಇಲ್ಲ. ಅದನ್ನು ತಿಳಿಯಲು ಆಕಾರ ನೋಡಿದರೆ ಸಾಲದು, ಇವತ್ತಿನ ಪಟ್ಟಿಯ ಜೊತೆ ತಾಳೆ ನೋಡಬೇಕು. ಕಳಿಸುವ ಬ್ಯಾಂಕಿನ ಪಟ್ಟಿ ಹೊಸದಾಗಿದ್ದರೆ ಹುಡುಗನ ಮೊಬೈಲಿನಲ್ಲೇ 'ಈ ಕೋಡು ಚಾಲ್ತಿಯಲ್ಲಿಲ್ಲ' ಎಂದು ಬರುತ್ತದೆ. ಹಳೆಯದಾಗಿದ್ದರೆ ಸಂದೇಶ ಹೊರಟು, ಮುಂದೆಲ್ಲೋ ತಡೆದು, ತಿರುಗಿ ಬರುತ್ತದೆ. 2021ರಲ್ಲಿ ಇಂಥದ್ದು ಸಿಂಡಿಕೇಟಿಗೊಂದೇ ಆಗಲಿಲ್ಲ. ವಿಜಯಾ ಬ್ಯಾಂಕಿನ ಕೋಡುಗಳು ಮಾರ್ಚ್ 1ಕ್ಕೆ, ಕಾರ್ಪೊರೇಷನ್ ಬ್ಯಾಂಕಿನವು ಏಪ್ರಿಲ್ 1ಕ್ಕೆ ನಿಂತವು. ಕರಾವಳಿಯಲ್ಲಿ ಹುಟ್ಟಿದ ಮೂರು ಬ್ಯಾಂಕುಗಳ ಗುರುತು ನಾಲ್ಕೇ ತಿಂಗಳಲ್ಲಿ ಅಳಿಸಿತು. ಆಮೇಲೆ 2025ರ ಮೇ 1ರಂದು ನಮ್ಮ ಭಾಗದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಸೇರಿತು. ವಿಲೀನವಾದಾಗಲೆಲ್ಲ ಫಲಕ ಬದಲಿಸುವುದಕ್ಕೆ ಸಮಾರಂಭ ನಡೆಯುತ್ತದೆ, ಪಟ್ಟಿ ಬದಲಿಸುವ ಕೆಲಸಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ.

ಇನ್ನೂ ಒಂದು ಮೆಟ್ಟಿಲು ಮೇಲಿದೆ. ಕೋಡು ಚಾಲ್ತಿಯಲ್ಲಿದೆ, ಖಾತೆಯೂ ಇದೆ, ಆದರೆ ಅದು ಅವ್ವನ ಖಾತೆಯೇ? ನೆಫ್ಟ್‌ನಲ್ಲಿ ಜಮಾ ಆಗುವುದು ಖಾತೆ ಸಂಖ್ಯೆ ನೋಡಿ, ಹೆಸರು ನೋಡಿ ಅಲ್ಲ. ಕಳಿಸುವ ಮುನ್ನ ಪಡೆಯುವವರ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕು ಹೇಳಿದ್ದು 2024ರ ಡಿಸೆಂಬರಿನಲ್ಲಿ, ಅಂದರೆ ನೆಫ್ಟ್ ಹುಟ್ಟಿ ಹತ್ತೊಂಬತ್ತು ವರ್ಷದ ಮೇಲೆ. ಆಕಾರದ ತಪಾಸಣೆ ಇದನ್ನೆಲ್ಲ ಮಾಡಲಾರದು. ಅವಧಿಯ ಅಂಕಣವನ್ನೇ ನೋಡಿ. ಎಂಕ್ಯೂಎಂಡಿಯಲ್ಲಿ ಅದರ ಅಳತೆ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ. ಅರ್ಧ ನಿಮಿಷ ಎಂದುಕೊಂಡು 30 ಬರೆದವನ ಸಂದೇಶ ಮೂರೇ ಸೆಕೆಂಡಿಗೆ ಕಾಲವಾಗುತ್ತದೆ. ಸೊನ್ನೆ ಬರೆದಿದ್ದರೆ ಎಂಕ್ಯೂ ತಪ್ಪು ಎನ್ನುತ್ತಿತ್ತು. 30 ಒಪ್ಪತಕ್ಕ ಸಂಖ್ಯೆ, ಸುಮ್ಮನೆ ಒಪ್ಪಿಕೊಳ್ಳುತ್ತದೆ.

ಹಾಗಾದರೆ ಆಕಾರ ನೋಡಿ ಏನು ಲಾಭ? ಅಗ್ಗ ಎಂಬುದೇ ಲಾಭ. ಯಾರನ್ನೂ ಕೇಳಬೇಕಿಲ್ಲ, ಯಾವ ಪಟ್ಟಿಯನ್ನೂ ತೆರೆಯಬೇಕಿಲ್ಲ. ಬಾಗಿಲಲ್ಲಿ ನಿಂತು ಸಂದೇಶವನ್ನೊಂದನ್ನೇ ನೋಡಿ ಹೌದು ಇಲ್ಲ ಅನ್ನಬಹುದು. ಬಾಗಿಲು ದಾಟಿದ ಮೇಲೆ ಅದೇ ತಪ್ಪಿಗೆ ಬೆಲೆ ಏರುತ್ತದೆ. ಸರತಿಯ ಕೊನೆಯಲ್ಲಿರುವ ಪ್ರೋಗ್ರಾಮು ಕೆಟ್ಟ ಸಂದೇಶವನ್ನು ಎತ್ತಿಕೊಳ್ಳುತ್ತದೆ, ಓದಲಾರದೆ ಬಿದ್ದುಹೋಗುತ್ತದೆ. ಕೆಲಸ ಮುಗಿಯಲಿಲ್ಲವಾದ್ದರಿಂದ ಸಂದೇಶ ಸರತಿಗೆ ಮರಳುತ್ತದೆ. ಪ್ರೋಗ್ರಾಮು ಎದ್ದು ಮತ್ತೆ ಅದನ್ನೇ ಎತ್ತಿಕೊಳ್ಳುತ್ತದೆ, ಮತ್ತೆ ಬೀಳುತ್ತದೆ. ಹಿಂದಿರುವ ಸಾವಿರಾರು ಒಳ್ಳೆಯ ಸಂದೇಶಗಳು ನಿಂತಲ್ಲೇ ನಿಲ್ಲುತ್ತವೆ. ಇದಕ್ಕೆ ವಿಷದ ಸಂದೇಶ ಎಂದೇ ಹೆಸರು. ಎಷ್ಟು ಸಲ ಹೀಗೆ ಮರಳಿತು ಎಂಬ ಎಣಿಕೆಯೂ ಹೆಡರಿನಲ್ಲಿರುತ್ತದೆ. ಎಣಿಕೆ ಮಿತಿ ಮೀರಿದರೆ ಅದನ್ನು ಪಕ್ಕದ ಸರತಿಗೆ ಎತ್ತಿಡುವುದು ಪದ್ಧತಿ. ಆ ಎಣಿಕೆಯನ್ನು ನೋಡುವಂತೆ ಪ್ರೋಗ್ರಾಮು ಬರೆದಿದ್ದರೆ ಮಾತ್ರ!

ವಿಳಾಸಕ್ಕೆ ಮುಟ್ಟಿಸಲಾಗದವು ಸೇರುವ ಇನ್ನೊಂದು ಜಾಗವಿದೆ, ಡೆಡ್ ಲೆಟರ್ ಕ್ಯೂ. ಎಂಕ್ಯೂ ಅಲ್ಲಿಗೆ ತಳ್ಳುವಾಗ ಇನ್ನೊಂದು ಹೆಡರ್ ಅಂಟಿಸುತ್ತದೆ. ಯಾವ ಕಾರಣಕ್ಕೆ, ಯಾವ ಸರತಿಗೆ ಹೋಗಬೇಕಿತ್ತು, ಯಾವ ದಿನ, ಯಾವ ಹೊತ್ತು, ಎಲ್ಲ ಅದರಲ್ಲಿ ಉಂಟು. ತಂತ್ರಜ್ಞಾನದ ಕಡೆಯಿಂದ ಇದಕ್ಕಿಂತ ಅಚ್ಚುಕಟ್ಟು ಕೇಳುವಂತಿಲ್ಲ. ಕೊರತೆ ಇರುವುದು ಆ ಸರತಿಯನ್ನು ಬೆಳಗ್ಗೆ ಬಂದು ತೆರೆದು ನೋಡುವ ಮನುಷ್ಯನದು. ಅವನ ಹೆಸರು ಕಚೇರಿಯ ಕೆಲಸದ ಹಂಚಿಕೆಯಲ್ಲಿ ಇಲ್ಲದಿದ್ದರೆ, ಕಾರಣ ಸಮೇತ ಬರೆದಿಟ್ಟ ಸಂದೇಶವೂ ಅಲ್ಲೇ ಕೊಳೆಯುತ್ತದೆ. ಶಾಖೆಯ ಕಿಟಕಿಯಲ್ಲಿ ಮಾತ್ರ "ಸರ್ವರ್ ಪ್ರಾಬ್ಲೆಂ ಐತ್ರಿ, ನಾಳೆ ಬರ್ರಿ" ಅನ್ನುವುದು ನಡೆಯುತ್ತದೆ.

ತಪ್ಪಿದ್ದರೆ ತಿದ್ದಿಕೊಂಡು ಒಳಗೆ ಬಿಟ್ಟರಾಯಿತಲ್ಲ, ಇಷ್ಟು ಬಿಗಿ ಯಾಕೆ ಎನ್ನುವವರಿದ್ದಾರೆ. ಅವರ ಬೆನ್ನಿಗೆ ದೊಡ್ಡ ಹೆಸರೂ ಇದೆ. ಇಂಟರ್ನೆಟ್ಟಿನ ತಳಪಾಯ ಹಾಕಿದವರಲ್ಲಿ ಒಬ್ಬರಾದ ಜಾನ್ ಪೋಸ್ಟೆಲ್ 1980ರಲ್ಲಿ ಒಂದು ಸೂತ್ರ ಬರೆದರು. ಕಳಿಸುವಾಗ ನೇಮ ಬಿಡಬೇಡ, ಪಡೆಯುವಾಗ ಉದಾರವಾಗಿರು ಎಂಬುದು ಅದರ ಸಾರ. ಬೇರೆ ಬೇರೆಯವರು ಕಟ್ಟಿದ ಯಂತ್ರಗಳು ಮೊದಲ ಸಲ ಮಾತಾಡಿಕೊಳ್ಳುತ್ತಿದ್ದ ಕಾಲದಲ್ಲಿ ಆ ಉದಾರತೆ ಬೇಕಿತ್ತು. ಆದರೆ ಪಡೆಯುವವನು ಸುಮ್ಮನೆ ತಿದ್ದಿಕೊಳ್ಳುತ್ತಾ ಹೋದರೆ ಕಳಿಸುವವನಿಗೆ ತನ್ನ ತಪ್ಪು ತಿಳಿಯುವುದೇ ಇಲ್ಲ. ಹತ್ತು ವರ್ಷ ಕಳೆದ ಮೇಲೆ ಆ ತಪ್ಪೇ ವಾಡಿಕೆಯಾಗುತ್ತದೆ, ಹೊಸದಾಗಿ ಬಂದವನು ಅದನ್ನೂ ಕಲಿಯಬೇಕಾಗುತ್ತದೆ. ಇಂಟರ್ನೆಟ್ಟಿನ ನೇಮಗಳನ್ನು ನೋಡಿಕೊಳ್ಳುವವರೇ 2023ರಲ್ಲಿ ಪ್ರಕಟಿಸಿದ ಆರ್‌ಎಫ್‌ಸಿ 9413 ಎಂಬ ದಾಖಲೆಯಲ್ಲಿ ಆ ಸೂತ್ರದ ಕೇಡುಗಳನ್ನು ವಿವರಿಸಿದರು. ದುಡ್ಡಿನ ಸಂದೇಶದ ಮಟ್ಟಿಗಂತೂ ನಾನು ಬಿಗಿಯ ಪಕ್ಷ. ಐದನೆಯ ಜಾಗದ ಓ ಅನ್ನು ಯಂತ್ರ ತಾನೇ ಸೊನ್ನೆ ಮಾಡಿಕೊಳ್ಳಲಿ ಎನ್ನುವುದು ಕೇಳಲು ಹಿತ. ಇವತ್ತು ಸೊನ್ನೆ ಊಹಿಸಿದ ಯಂತ್ರ ನಾಳೆ ಖಾತೆಯ ಅಂಕಿಯನ್ನೂ ಊಹಿಸಬಹುದು.

ಬಿಗಿ ಮಾಡುವುದಕ್ಕೂ ಒಂದು ಕ್ರಮ ಬೇಕು. ಅದು ತಪ್ಪಿದಾಗ ಏನಾಗುತ್ತದೆಂದು ಇಡೀ ದೇಶ ನೋಡಿದೆ. ವಾಣಿಜ್ಯ ಎಸ್ಸೆಮ್ಮೆಸ್‌ಗಳಿಗೂ ಹೆಡರ್ ಇದೆ, ಸಂದೇಶದ ಮೇಲೆ ಕಳಿಸಿದವರ ಜಾಗದಲ್ಲಿ ಕಾಣುವ ಆರು ಅಕ್ಷರಗಳ ಗುರುತು. ಅದಕ್ಕೂ ಮೊದಲು ಬರುವ ಎರಡಕ್ಷರ ಮೊಬೈಲ್ ಕಂಪನಿ ಯಾವುದು, ಯಾವ ವೃತ್ತದಿಂದ ಎಂದು ಹೇಳುತ್ತದೆ. 2025ರಿಂದ ಕೊನೆಯಲ್ಲೂ ಒಂದು ಅಕ್ಷರ ಸೇರಿದೆ, ಜಾಹೀರಾತಿಗೆ ಪಿ, ಸೇವೆಗೆ ಎಸ್, ವಹಿವಾಟಿಗೆ ಟಿ, ಸರ್ಕಾರಕ್ಕೆ ಜಿ. ದೂರಸಂಪರ್ಕ ನಿಯಂತ್ರಕ ಟ್ರಾಯ್ 2018ರಲ್ಲಿ ಮಾಡಿದ ನಿಯಮದ ಪ್ರಕಾರ ಕಂಪನಿಗಳು ಹೆಡರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು, ತಾಳೆಯಾಗದ್ದನ್ನು ದೂರವಾಣಿ ಕಂಪನಿ ತಡೆಯಬೇಕು. 2021ರ ಮಾರ್ಚ್ 8ರಂದು ಆ ಜರಡಿಯನ್ನು ಚಾಲೂ ಮಾಡಿದರು. ನೋಂದಣಿ ಪೂರ್ತಿ ಮಾಡದ ಸಂಸ್ಥೆಗಳ ಸಂದೇಶಗಳು ಸಾರಾಸಗಟಾಗಿ ನಿಂತವು. ಬ್ಯಾಂಕಿನ ಒಟಿಪಿ ಬರಲಿಲ್ಲ, ಆಧಾರ್ ಒಟಿಪಿ ಬರಲಿಲ್ಲ. ಅರವತ್ತು ದಾಟಿದವರಿಗೆ ಕೋವಿಡ್ ಲಸಿಕೆ ಶುರುವಾಗಿ ಒಂದು ವಾರವಾಗಿತ್ತಷ್ಟೆ, ಕೋವಿನ್ ನೋಂದಣಿಯ ಒಟಿಪಿಯೂ ಬರಲಿಲ್ಲ. ಮರುದಿನವೇ ಟ್ರಾಯ್ ಏಳು ದಿನಗಳ ಮಟ್ಟಿಗೆ ಜರಡಿಯನ್ನು ತೆಗೆಸಿತು. ತಪ್ಪು ಜರಡಿಯದಲ್ಲ. ಎರಡು ವರ್ಷದಿಂದ ಹೇಳಿದರೂ ಕೇಳದ ಸಂಸ್ಥೆಗಳ ಸೋಮಾರಿತನವೇ ದೊಡ್ಡದು. ಆದರೂ ಇಂಥ ತಪಾಸಣೆಯನ್ನು ಮೊದಲು ತಡೆಯದೆ ಬರೀ ಗುರುತು ಹಾಕುವಂತೆ ಓಡಿಸಬಹುದು. ಯಾವ್ಯಾವುದು ಬೀಳಲಿದೆ ಎಂದು ಕಳಿಸುವವರಿಗೆ ದಿನಾ ಪಟ್ಟಿ ಕೊಟ್ಟು, ಪಟ್ಟಿ ಸಣ್ಣದಾದ ಮೇಲೆ ಬಾಗಿಲು ಹಾಕಬಹುದು. ಸರತಿ ತಂತ್ರಾಂಶ ನಡೆಸುವವರಲ್ಲಿ ಅನುಭವಿಗಳು ಮಾಡುವುದು ಹೀಗೇ.

ತಪಾಸಣೆಯೇ ಇಲ್ಲದಿದ್ದರೆ ಬರುವ ಅಪಾಯ ಬೇರೆ ಜಾತಿಯದು. ಅಪಾಚೆ ಆ್ಯಕ್ಟಿವ್‌ಎಂಕ್ಯೂ ಎಂಬ ಉಚಿತ ಸರತಿ ತಂತ್ರಾಂಶದಲ್ಲಿ 2023ರ ಅಕ್ಟೋಬರಿನಲ್ಲಿ ಒಂದು ಬಿರುಕು ಹೊರಬಿತ್ತು. ದೋಷವನ್ನು ವರದಿ ಮಾಡುವ ಬಗೆಯ ಸಂದೇಶದಲ್ಲಿ ಅದು ಯಾವ ದೋಷ ಎಂದು ಹೆಸರಿಸುವ ಒಂದು ಜಾಗವಿತ್ತು. ಅಲ್ಲಿ ಬಂದದ್ದು ನಿಜಕ್ಕೂ ದೋಷದ ಹೆಸರೇ ಎಂದು ತಂತ್ರಾಂಶ ಪರೀಕ್ಷಿಸುತ್ತಿರಲಿಲ್ಲ, ಯಾವ ಹೆಸರು ಬಂದರೂ ಅದನ್ನು ಜೀವಂತಗೊಳಿಸುತ್ತಿತ್ತು. ದೂರ ಕುಳಿತವರು ಆ ಜಾಗದಲ್ಲಿ ಬೇರೆ ಹೆಸರು ಬರೆದು ಸರ್ವರಿನ ಮೇಲೆ ತಮಗೆ ಬೇಕಾದ ಪ್ರೋಗ್ರಾಮನ್ನೇ ಓಡಿಸಿದರು. ಸುಲಿಗೆ ತಂತ್ರಾಂಶದ ಗುಂಪುಗಳು ಕೂಡಲೇ ಅದಕ್ಕೆ ಮುಗಿಬಿದ್ದವು. ರಿಪೇರಿ ಎಂದು ಸೇರಿಸಿದ್ದು ಮುಖ್ಯವಾಗಿ ಬಿಟ್ಟುಹೋಗಿದ್ದ ಆ ಒಂದು ತಪಾಸಣೆಯನ್ನೇ.

ಅವ್ವನ ರೊಕ್ಕಕ್ಕೆ ಬರೋಣ. ಜಮಾ ಮಾಡಲಾಗದ ನೆಫ್ಟ್ ಸಂದೇಶವನ್ನು ಪಡೆದ ಬ್ಯಾಂಕು ಆ ಕಂತು ಮುಗಿದ ಎರಡು ಗಂಟೆಯೊಳಗೆ ಹಿಂದಿರುಗಿಸಬೇಕು. ತಡವಾದರೆ ರೆಪೊ ದರಕ್ಕೆ ಶೇ 2 ಸೇರಿಸಿ ಬಡ್ಡಿ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಕಳಿಸಿದವರ ಕೈಯಲ್ಲಿರುವ ಆಧಾರವೆಂದರೆ ಯುಟಿಆರ್ ಸಂಖ್ಯೆ, ನೆಫ್ಟ್‌ಗೆ 16 ಸ್ಥಾನ, ಆರ್‌ಟಿಜಿಎಸ್‌ಗೆ 22. ಅದು ಆ ಸಂದೇಶದ ಗುರುತು, ಲಕ್ಷಾಂತರ ಸಂದೇಶಗಳ ನಡುವೆ ಅದೊಂದನ್ನೇ ಹೆಕ್ಕಿ ತೆಗೆಯಲು ಅಷ್ಟು ಸಾಕು. ಹಾಗಾಗಿ ಪುಣೆಯ ಹುಡುಗ ಅವ್ವನನ್ನು ಊರಿನ ಶಾಖೆಗೆ ಎರಡು ಸಲ ಅಲೆಸುವ ಬದಲು, ತಾನು ಹಾಕಿದ ಬ್ಯಾಂಕಿಗೆ ಯುಟಿಆರ್ ಕೊಟ್ಟು ಎರಡೇ ಪ್ರಶ್ನೆ ಕೇಳುವುದು ಒಳ್ಳೆಯದು. ಸಂದೇಶ ಈಗ ಎಲ್ಲಿದೆ? ಮರಳಿದ್ದರೆ ಮರಳಿಕೆಯ ಸಂದೇಶದಲ್ಲಿ ಬರೆದಿರುವ ಕಾರಣ ಏನು? ಕಾರಣ ಬರೆದೇ ಇರುತ್ತದೆ, ಓದಿ ಹೇಳುವಂತೆ ಪಟ್ಟು ಹಿಡಿಯಬೇಕು.